ಇಪ್ಪತ್ತೈದು ರೂಪಾಯಿಯ ಕಾಫಿ

ಓದಿದವನು ಹರಿಹರ, ಓದಿಸಿದವರು ವಿಷ್ಣುಮೂರ್ತಿ ರಾಯರು. ಆದರೆ ಈ ಕಥೆಯಲ್ಲಿ ನಿಜವಾಗಿ ಕೆಲಸ ಮಾಡಿದ್ದು ನನ್ನ ಗಂಟಲು. ಆದ್ದರಿಂದ ಗಂಟಲಿನ ವಿಷಯವನ್ನೇ ಮೊದಲು ಹೇಳುತ್ತೇನೆ.

ನಾನು ಆಗ ಮದರಾಸಿನಲ್ಲಿ, ಮಾಂಬಲಂ ಸ್ಟೇಷನ್ನಿನ ಹತ್ತಿರದ ವೇಣುಗೋಪಾಲ ಭವನದಲ್ಲಿ ಸಪ್ಲೈಯರ್ ಆಗಿದ್ದೆ. ಆ ಕಾಲದ ನಮ್ಮ ಉಡುಪಿ ಹೋಟೆಲುಗಳಲ್ಲಿ ಬಿಲ್ಲು ಎಂಬ ಚೀಟಿ ಇರಲಿಲ್ಲ. ಗಿರಾಕಿ ತಿಂದು, ಕೈತೊಳೆದು, ಬಾಗಿಲ ಕಡೆ ಹೊರಟ ಕೂಡಲೇ ಬಡಿಸಿದವನು ತಾನಿದ್ದಲ್ಲಿಂದಲೇ ಗಲ್ಲಾದಲ್ಲಿ ಕೂತ ಧಣಿಗಳಿಗೆ ಕೇಳುವಂತೆ ಕೂಗಬೇಕು. "ಚೌಕಳಿ ಅಂಗಿ ಸಾರ್, ಎರಡು ಇಡ್ಲಿ, ಒಂದು ಕಾಫಿ, ಮೂವತ್ತೆರಡು ಪೈಸೆ!" ಧಣಿಗಳು ಅಷ್ಟನ್ನೇ ತೆಗೆದುಕೊಳ್ಳಬೇಕು. ಕೂಗೇ ಬಿಲ್ಲು, ಕೂಗೇ ರಸೀದಿ.

ನನ್ನ ಕೂಗು ಹೇಗಿತ್ತೆಂದರೆ, ನಾನು ಮಾಂಬಲಂನಲ್ಲಿ "ಎರಡು ಕಾಫಿ" ಎಂದರೆ ತಾಂಬರಂನಲ್ಲಿ ಹಾಲು ಒಲೆಗೇರುತ್ತಿತ್ತು. ಎಣ್ಣೂರಿನ ಬೆಸ್ತರು ಗಾಳಿಯ ಮೇಲೆ ನನ್ನ ಕೂಗು ಕೇಳಿಸಿದರೆ ಹೊತ್ತಾಯಿತೆಂದು ದೋಣಿ ತಿರುಗಿಸುತ್ತಿದ್ದರಂತೆ. ಇದು ನಾನು ಹೇಳುವುದಲ್ಲ, ಎಣ್ಣೂರಿಗೆ ಹೋಗಿ ಬಂದವರು ಹೇಳಿದ್ದು. ಒಂದು ದಿನ ಎಲೆಕ್ಟ್ರಿಕ್ ರೈಲಿನ ಗಾರ್ಡು ಸೀಟಿ ಊದಲು ಮರೆತು ನಿಂತಿದ್ದ. ನಾನು ಒಳಗಿನಿಂದ "ಒಂದು ರವೆದೋಸೆ" ಎಂದೆ. ರೈಲು ಹೊರಟಿತು. ಮದರಾಸಿನಲ್ಲಿ ತಮಿಳಿನಲ್ಲೇ ಕೂಗಬೇಕಲ್ಲವೇ? ನನ್ನ ತಮಿಳನ್ನು ತಮಿಳರು ಕನ್ನಡವೆಂದೂ ಕನ್ನಡಿಗರು ತಮಿಳೆಂದೂ ತಿಳಿದು, ಇಬ್ಬರೂ ಗೌರವದಿಂದ ಹಣ ಕೊಟ್ಟು ಹೋಗುತ್ತಿದ್ದರು.

ಈ ಕೂಗಿಗೆ ನಮ್ಮ ಧಣಿ ವಿಷ್ಣುಮೂರ್ತಿ ರಾಯರು ಒಂದು ಕಾನೂನು ಮಾಡಿದ್ದರು. ಹಿಂದೊಮ್ಮೆ ಊರಿನ ಕಡೆಯ ಯಾರಿಗೋ ದಾಕ್ಷಿಣ್ಯದಿಂದ ಎರಡಾಣೆ ಬಿಟ್ಟರು ನೋಡಿ, ಮಾರನೆಯ ದಿನದಿಂದ ಮದರಾಸಿನಲ್ಲಿದ್ದ ದಕ್ಷಿಣ ಕನ್ನಡದವರೆಲ್ಲ ಗಲ್ಲಾದ ಮುಂದೆ ನಿಂತು ತಮಗೂ ರಾಯರಿಗೂ ಇರುವ ನೆಂಟಸ್ತನವನ್ನು ಬಿಡಿಸಿ ಹೇಳತೊಡಗಿದರು. ಒಬ್ಬ ಅಜ್ಜಿಯ ಕಡೆಯಿಂದ ಬಂದ, ಇನ್ನೊಬ್ಬ ಅಜ್ಜಿಯ ತಂಗಿಯ ಕಡೆಯಿಂದ. ಸಾಲು ಸ್ಟೇಷನ್ನಿನವರೆಗೆ ಬೆಳೆಯಿತು. ಆವತ್ತು ರಾಯರು ಗಲ್ಲಾದ ಮೇಲಿನ ಕೃಷ್ಣನ ಪಟ ಮುಟ್ಟಿ ಘೋಷಿಸಿದರು: "ಇನ್ನು ಮೇಲೆ ಸಪ್ಲೈಯರ್ ಕೂಗಿದ್ದೇ ಕೊನೆ. ಒಂದು ಕಾಸು ಹೆಚ್ಚಿಲ್ಲ, ಒಂದು ಕಾಸು ಕಡಿಮೆ ಇಲ್ಲ. ಕೂಗಿದ ಲೆಕ್ಕಕ್ಕೆ ಗಲ್ಲಾಕ್ಕೆ ಬಿದ್ದದ್ದು ಹೊರಗೆ ಬರುವುದಿಲ್ಲ. ನನ್ನ ಅಪ್ಪನೇ ಬಂದರೂ ಅಷ್ಟೆ." ಅವರ ಅಪ್ಪ ನಿಜವಾಗಿಯೂ ಒಮ್ಮೆ ಬಂದರು. ಕೊಟ್ಟೇ ಹೋದರು.

ಈ ಕಾನೂನನ್ನು ನೆನಪಿಟ್ಟುಕೊಳ್ಳಿ. ಇನ್ನು ಹರಿಹರನನ್ನು ಕರೆತರುತ್ತೇನೆ.

ರಾಯರು ಸ್ವತಃ ನಾಲ್ಕನೇ ಕ್ಲಾಸು. ತಟ್ಟೆ ತೊಳೆಯುವುದರಿಂದ ಶುರು ಮಾಡಿ ಗಲ್ಲಾಕ್ಕೆ ಏರಿದವರು. ತಮಗೆ ಸಿಕ್ಕದ ಓದು ಯಾರಿಗಾದರೂ ಸಿಗಲಿ ಎಂದು ಅವರಿಗೊಂದು ಹಟ. ಬಾರ್ಕೂರಿನಲ್ಲಿ ಅವರ ಪಕ್ಕದ ಮನೆಯ ಹುಡುಗ ಹರಿಹರ. ಅವನನ್ನು ಕರೆಸಿ, ಹೋಟೆಲಿನ ತಾರಸಿಯ ಕೋಣೆ ಕೊಟ್ಟು, ಊಟ ಕೊಟ್ಟು, ನಾಲ್ಕು ವರ್ಷ ಕಾಲೇಜಿನ ಫೀಸು ಕಟ್ಟಿದರು. ಹುಡುಗ ಮೊದಲ ದಿನವೇ, "ರಾಯರೇ, ಊಟ ನಿಮ್ಮ ಪ್ರೀತಿ. ಫೀಸು ಮಾತ್ರ ಸಾಲ. ಕೆಲಸ ಸಿಕ್ಕಿದ ಮೇಲೆ ತೀರಿಸ್ತೇನೆ" ಎಂದಿದ್ದ. ರಾಯರು ನಕ್ಕು "ಆಯ್ತಾಯ್ತು, ಮೊದಲು ಪಾಸಾಗು ಮಾರಾಯ" ಎಂದಿದ್ದರು.

ಪಾಸಾದ. ಬಿ.ಕಾಂ.ನಲ್ಲಿ ಇಡೀ ಮದರಾಸಿಗೆ ಅವನೇ ಮೊದಲು. ಪಟ್ಟಿಯಲ್ಲಿ ಹೆಸರು ಸ್ವಲ್ಪ ಕೆಳಗೆ ಅಚ್ಚಾಗಿತ್ತು, ಅದು ಅಚ್ಚಿನವರ ಪ್ರಮಾದ. ಪರೀಕ್ಷೆಯ ತಿಂಗಳು ಪೂರ್ತಿ ಅವನಿಗೆ ಡಿಕಾಕ್ಷನ್ ಹಾಕಿ ಕೊಟ್ಟವನು ಯಾರೆಂದು ಕೇಳಿದರೆ ನಾನು ಸುಮ್ಮನಿರುತ್ತೇನೆ. ಬೀಚ್ ಸ್ಟೇಷನ್ನಿನ ಎದುರು ಒಂದು ವಿಮಾ ಕಂಪೆನಿಯಲ್ಲಿ ಕೆಲಸ ಸಿಕ್ಕಿತು. ಸೈದಾಪೇಟೆಯಲ್ಲಿ ಬಾಡಿಗೆ ಕೋಣೆ ಮಾಡಿದ. ಮೊದಲ ಸಂಬಳದ ದಿನ ಒಂದು ಲಕೋಟೆಯಲ್ಲಿ ಇಪ್ಪತ್ತೈದು ರೂಪಾಯಿ ಹಾಕಿ, ಮೇಲೆ ವೀಳ್ಯದೆಲೆ ಇಟ್ಟು ರಾಯರ ಮುಂದೆ ಹಿಡಿದ. ಒಟ್ಟು ಸಾಲ ಆರುನೂರು.

"ಎಂತದಿದು?" ರಾಯರು ಲಕೋಟೆಯನ್ನು ಸತ್ತ ಜಿರಳೆಯನ್ನು ನೋಡುವ ಹಾಗೆ ನೋಡಿದರು.

"ಮೊದಲನೇ ಕಂತು, ರಾಯರೇ."

"ಎಂತದ್ದರ ಕಂತು? ಯಾವ ಸಾಲ? ವಿದ್ಯೆಗೆ ಕೊಟ್ಟದ್ದನ್ನು ವಾಪಸು ತಕ್ಕೊಂಡ ಅಂತ ಊರಲ್ಲಿ ನನ್ನ ಮರ್ಯಾದೆ ತೆಗೀಲಿಕ್ಕುಂಟಾ ನಿನಗೆ? ಎಲೆ ಮಾತ್ರ ಇಡು, ಉಪ್ಪಿಟ್ಟು ತಿಂದು ಹೋಗು."

ಹರಿಹರ ಮನಿಯಾರ್ಡರ್ ಮಾಡಿದ. ರಾಯರು ಪೋಸ್ಟ್‌ಮ್ಯಾನಿಗೆ ಕಾಫಿ ಕೊಟ್ಟು, ಹಣವನ್ನು ಹಿಂದಕ್ಕೆ ಕಳಿಸಿದರು. ಮತ್ತೆ ಮಾಡಿದ, ಪೋಸ್ಟ್‌ಮ್ಯಾನಿಗೆ ಕಾಫಿಯ ಜೊತೆ ಬೋಂಡವೂ ಸಿಕ್ಕಿತು. ಆಮೇಲೆ ಆ ಪೋಸ್ಟ್‌ಮ್ಯಾನು ದಾರಿಯಲ್ಲಿ ಹರಿಹರನನ್ನು ನಿಲ್ಲಿಸಿ, "ಎನ್ನ ಸಾರ್, ಇಂದ ಮಾಸಂ ಮನಿಯಾರ್ಡರ್ ಇಲ್ಲೆಯಾ?" ಎಂದು ಆ ತಿಂಗಳ ಮನಿಯಾರ್ಡರನ್ನು ವಿಚಾರಿಸತೊಡಗಿದ. ರಾಯರ ಹೆಂಡತಿ ಸರಸಮ್ಮನ ಕೈಗೆ ಕೊಟ್ಟು ನೋಡಿದ. ಅವರು ಗಂಡನ ಅಂಗಿಯ ಜೇಬಿಗೆ ಸೇರಿಸಿದರು. ಮಾರನೆಯ ದಿನ ಅದೇ ಹಣ, ಬಿಸಿಬಿಸಿ ಊಟದ ಕ್ಯಾರಿಯರಿನ ಕೆಳಗಿನ ಡಬ್ಬಿಯಲ್ಲಿ ಕೂತು ಸೈದಾಪೇಟೆಗೆ ಹೋಯಿತು. ನೋಟಿಗೆ ಸ್ವಲ್ಪ ಸಾರು ತಗುಲಿತ್ತು.

ಬೇರೆ ಯಾರಾದರೂ ಆಗಿದ್ದರೆ ದೇವರಿಗೆ ಕೈಮುಗಿದು ಆ ಹಣದಲ್ಲಿ ಒಂದು ಟೆರಿಲಿನ್ ಅಂಗಿ ಹೊಲಿಸಿಕೊಳ್ಳುತ್ತಿದ್ದರು. ನಾನಾದರೆ ಎರಡು ಹೊಲಿಸುತ್ತಿದ್ದೆ. ಹರಿಹರನ ಮುಖ ಮಾತ್ರ ದಿನೇದಿನೇ ಒಣಗುತ್ತ ಹೋಯಿತು. ಕಾರಣ ರಾಯರ ಮಗಳು ಸುಗುಣಾ.

ಇದನ್ನು ನಾನು ಅವರಿಬ್ಬರಿಗೂ ಗೊತ್ತಾಗುವ ಮೊದಲೇ ಪತ್ತೆ ಮಾಡಿದ್ದೆ. ಹುಡುಗಿ ಮೂರು ವರ್ಷ ಅವನನ್ನು "ಹರಿಯಣ್ಣ, ಹರಿಯಣ್ಣ" ಎನ್ನುತ್ತಿದ್ದಳು. ಒಂದು ಬೆಳಿಗ್ಗೆ ತಾರಸಿಯಲ್ಲಿ ಹಪ್ಪಳ ಒಣಗಿಸುತ್ತ, "ಸ್ವಲ್ಪ ಈ ಚಾಪೆ ಹಿಡೀರಿ" ಎಂದಳು. ಅಣ್ಣ ಇಲ್ಲ! ನಾನು ಕೆಳಗೆ ಚಟ್ನಿ ಬಡಿಸುತ್ತಿದ್ದವನು ಅಲ್ಲೇ ಸೌಟು ಹಿಡಿದು ನಿಂತುಬಿಟ್ಟೆ. ಅಣ್ಣ ಬಿದ್ದುಹೋದ ಮೇಲೆ ಏನಾಗುತ್ತದೆಂದು ಮದುವೆಯಾದವರಿಗೆಲ್ಲ ಗೊತ್ತು.

ಆದರೆ ಸುಗುಣಾ ರಾಯರ ಮಗಳಲ್ಲವೇ? ಅವಳಿಗೂ ಒಂದು ಕಾನೂನು. ಟೈಪ್‌ರೈಟಿಂಗ್ ಕ್ಲಾಸಿನಿಂದ ಬರುತ್ತ ಒಂದು ಸಂಜೆ ಹೋಟೆಲಿನ ಪಕ್ಕದ ಓಣಿಯಲ್ಲಿ ಹರಿಹರನನ್ನು ನಿಲ್ಲಿಸಿಕೊಂಡಳು. ನಾನು ಅಲ್ಲೇ ಬಾಳೆಎಲೆ ಇಳಿಸುತ್ತಿದ್ದೆ. ನಾನಿದ್ದುದು ಅವರಿಗೆ ಅಡ್ಡಿಯಾಗಲಿಲ್ಲ, ಅವರಿದ್ದುದು ನನಗೂ ಅಡ್ಡಿಯಾಗಲಿಲ್ಲ.

"ಅಪ್ಪನ ಹತ್ರ ಯಾವಾಗ ಕೇಳೋದು?" ಎಂದಳು.

"ಕೇಳಬಹುದು. ಆದರೆ ಸಾಲ..."

"ಅದೇ ನಾನೂ ಹೇಳೋದು. ರಂಗನಾಥನ್ ಸ್ಟ್ರೀಟಿನಲ್ಲಿ ತರಕಾರಿ ಮಾರೋಳಿಗೂ ಗೊತ್ತು, ರಾಯರು ಅಳಿಯನಿಗೆ ಅಡ್ವಾನ್ಸ್ ಕೊಟ್ಟು ಬುಕ್ ಮಾಡಿಟ್ಟಿದಾರೆ ಅಂತ. ನೀವು ಹಣ ಕೊಡದೆ ನನ್ನ ಕೇಳಿದ್ರೆ, ಸಾಲ ಮುಳುಗಿಸೋಕೆ ಮದುವೆ ಆದ ಅಂತಾರೆ. ಅಪ್ಪ ತಾನಾಗಿ ಕೊಟ್ರೆ, ಸಾಲಕ್ಕೆ ಹುಡುಗನ್ನ ಹಿಡಿದ ಅಂತಾರೆ. ಎರಡರಲ್ಲೂ ನಾನು ಯಾರು? ರಸೀದಿ! ಅದೆಲ್ಲ ಮುಡಿಯಾದು, ಆಗೋದಿಲ್ಲ. ಮೊದಲು ತೀರಿಸಿ, ಆಮೇಲೆ ಕೇಳಿ."

"ತಗೊಳ್ಳೋದೇ ಇಲ್ಲ ಅಂತಾರಲ್ಲ ಸುಗುಣಾ."

"ತಗೊಳ್ಳೋ ಹಾಗೆ ಮಾಡಿ. ಬಿ.ಕಾಂ. ಓದಿದ್ದು ಯಾಕೆ?"

ಅವಳು ಚಪ್ಪಲಿ ಸದ್ದು ಮಾಡುತ್ತ ಹೋದಳು. ಬಿ.ಕಾಂ. ಬಾಳೆಎಲೆಗಳ ಕಟ್ಟಿನ ಮೇಲೆ ಕುಸಿದು ಕುಳಿತ. ಕಾಲೇಜಿನಲ್ಲಿ ಸಾಲ ಕೊಡುವುದು ಹೇಗೆ, ವಸೂಲು ಮಾಡುವುದು ಹೇಗೆ ಎಂದು ದಪ್ಪದಪ್ಪ ಪುಸ್ತಕ ಓದಿಸುತ್ತಾರಂತೆ. ಬೇಡವೆನ್ನುವವನಿಗೆ ಹಿಂದಿರುಗಿಸುವುದು ಹೇಗೆಂದು ಒಂದು ಪುಟವೂ ಇಲ್ಲವಂತೆ. ಎಂಥ ಕಾಲೇಜು!

"ಏಳು ಮಾರಾಯ, ಎಲೆ ಹರೀತದೆ," ಎಂದೆ ನಾನು. "ಒಂದನೇ ತಾರೀಕು ಸಂಜೆ ಬಾ. ಒಂದೇ ಒಂದು ಕಾಫಿ ಕುಡಿ. ಉಳಿದದ್ದನ್ನು ಈ ಗಂಟಲಿಗೆ ಬಿಡು."

ಬಂದ. ಹೋಟೆಲು ತುಂಬಿತ್ತು. ಆಫೀಸು ಬಿಟ್ಟವರೆಲ್ಲ ರೈಲಿಳಿದು ನೇರ ನಮ್ಮಲ್ಲಿಗೇ ಬರುವ ಹೊತ್ತು. ಹರಿಹರ ಕಾಫಿ ಕುಡಿದ, ಎದ್ದ, ಗಲ್ಲಾದ ಕಡೆ ನಡೆದ. ಅವನ ಹಿಂದೆ ಏಳೆಂಟು ಜನ ಸಾಲಾಗಿ ನಿಂತಿದ್ದರು. ನಾನು ಎದೆ ತುಂಬ ಉಸಿರೆಳೆದುಕೊಂಡೆ. ಫ್ಯಾನು ಒಂದು ಕ್ಷಣ ನಿಂತಿತು ಎಂದು ಕಾಣುತ್ತದೆ, ಗಾಳಿಯೆಲ್ಲ ನನ್ನೊಳಗೇ ಬಂದಿತ್ತು.

"ಬಿಳಿ ಅಂಗಿ ಸಾರ್, ಒಂದು ಕಾಫಿ, ಇಪ್ಪತ್ತೈದು ರೂಪಾಯಿ ಹನ್ನೆರಡು ನಯಾಪೈಸೆ!"

ಹೋಟೆಲು ಸ್ತಬ್ಧವಾಯಿತು. ಸಾಂಬಾರಿನಲ್ಲಿ ಮುಳುಗುತ್ತಿದ್ದ ವಡೆಗಳು ಅರ್ಧಕ್ಕೇ ನಿಂತವು. ರಾಯರು ಕನ್ನಡಕ ಮೇಲೆತ್ತಿದರು.

"ಕಿಟ್ಟ, ಎಂತ ಕೂಗಿದ್ದು ನೀನು?"

"ಕೂಗಿದ್ದೇ ಕೂಗಿದ್ದು, ರಾಯರೇ."

"ಕಾಫಿಗೆ ಹನ್ನೆರಡು ಪೈಸೆ."

"ಹನ್ನೆರಡು ಪೈಸೆಯನ್ನೂ ಕೂಗಿದ್ದೇನೆ. ಬೇಕಾದರೆ ಇನ್ನೊಮ್ಮೆ ಕೂಗಲಾ?"

ಹರಿಹರ ಆಗಲೇ ಹಣ ಇಟ್ಟು, ಹನ್ನೆರಡು ಪೈಸೆಯ ಚಿಲ್ಲರೆಯನ್ನೂ ಎಣಿಸಿ, ಬೆವರುತ್ತ ನಿಂತಿದ್ದ. ಹಿಂದಿನವರು "ಸೀಕ್ರಂ ಸಾರ್, ಟ್ರೈನ್ ಪೋಯಿಡುಂ" ಎಂದು ರೈಲು ತಪ್ಪುವ ಆತುರದಲ್ಲಿ ತಳ್ಳಾಡಿದರು. ರಾಯರು ಕೃಷ್ಣನ ಪಟ ನೋಡಿದರು. ಕೃಷ್ಣ ನನ್ನ ಕಡೆಯವನು, ಕೊಳಲೂದುತ್ತ ಬೇರೆ ಕಡೆ ನೋಡುತ್ತಿದ್ದ. ಹಸಿ ಹಾಗಲಕಾಯಿ ಕಚ್ಚಿದವರ ಮುಖ ಮಾಡಿಕೊಂಡು ರಾಯರು ಹಣವನ್ನು ಗಲ್ಲಾಕ್ಕೆ ಹಾಕಿದರು. ಒಳಗಿನ ಮೆಟ್ಟಿಲ ಮೇಲೆ ಬಳೆಯ ಸದ್ದಾಯಿತು. ರಾಯರ ಮನೆ ಹೋಟೆಲಿನ ಮೇಲೆಯೇ, ಆ ಮೆಟ್ಟಿಲು ಇಳಿಯುವುದು ಗಲ್ಲಾದ ಹಿಂದಕ್ಕೇ. ಅಲ್ಲಿ ಯಾರು ಕಿವಿಗೊಟ್ಟು ನಿಂತಿದ್ದಾರೆಂದು ನಾನು ಹೇಳಬೇಕಾಗಿಲ್ಲ.

ಹೀಗೆ ಶುರುವಾಯಿತು. ಪ್ರತಿ ಒಂದನೇ ತಾರೀಕು ಒಂದು ಕಾಫಿ, ಒಂದು ಕೂಗು. ರಾಯರು ಸುಮ್ಮನಿದ್ದರೆಂದು ತಿಳಿಯಬೇಡಿ. ಒಂದನೇ ತಾರೀಕು ನನ್ನನ್ನು ಮಹಡಿಯ ಫ್ಯಾಮಿಲಿ ರೂಮಿಗೆ ಹಾಕಿದರು. ಹರಿಹರ ಒಬ್ಬನೇ ಫ್ಯಾಮಿಲಿ ರೂಮಿನಲ್ಲಿ ಬಂದು ಕೂತ; ನನ್ನ ಕೂಗು ಮೆಟ್ಟಿಲಿಳಿದು ಬರುವಾಗ ಗೋಡೆಯ ಸುಣ್ಣವನ್ನೂ ಸ್ವಲ್ಪ ಜೊತೆಗೆ ತಂದಿತು. ಇನ್ನೊಂದು ತಿಂಗಳು ತಲೆನೋವೆಂದು ಹೇಳಿ ಸರಸಮ್ಮನನ್ನು ಗಲ್ಲಾದಲ್ಲಿ ಕೂರಿಸಿದರು. ಆಯಮ್ಮ ಎರಡೂ ಕೈಯಿಂದ ಹಣ ತೆಗೆದುಕೊಂಡು, "ಒಳ್ಳೇದಾಗಲಿ ಮಗಾ, ಇನ್ನೊಂದು ಕಾಫಿ ಕುಡೀತೀಯಾ?" ಎಂದರು. ರಾಯರ ತಲೆನೋವು ಆಗ ನಿಜವಾಯಿತು.

ಸುದ್ದಿ ಹಬ್ಬಿತು. ವೇಣುಗೋಪಾಲ ಭವನದಲ್ಲಿ ಇಪ್ಪತ್ತೈದು ರೂಪಾಯಿಯ ಕಾಫಿ ಇದೆಯಂತೆ, ಅದನ್ನು ಒಬ್ಬನಿಗೇ ಕೊಡುತ್ತಾರಂತೆ, ಅದರಲ್ಲಿ ಕಾಶ್ಮೀರದ ಕೇಸರಿ, ಚಿನ್ನದ ರೇಕು, ಇನ್ನೂ ಏನೇನೋ. ಕಿವಿಗೆ ವಜ್ರದ ಕಡಕು ತೊಟ್ಟ ತ್ಯಾಗರಾಯನಗರದ ಒಬ್ಬ ಶ್ರೀಮಂತರು ಕಾರಿನಲ್ಲಿ ಬಂದು, ನನ್ನ ಕಿವಿಯಲ್ಲಿ "ಅಂದ ಕಾಫಿ", ಅಂದರೆ ಆ ಕಾಫಿ, ಎಂದರು. ನಾನು ಮಾಮೂಲಿ ಕಾಫಿಯನ್ನೇ ಎರಡು ಬಾರಿ ಹೆಚ್ಚು ಎತ್ತರದಿಂದ ಆರಿಸಿ ಕೊಟ್ಟೆ. ಅವರು ಕಣ್ಣು ಮುಚ್ಚಿ ಕುಡಿದು "ಆಹಾ!" ಎಂದರು. ಹನ್ನೆರಡು ಪೈಸೆ ಎಂದು ಕೂಗಿದಾಗ ಮಾತ್ರ ಮುಖ ಸಣ್ಣದಾಯಿತು. ಮೋಸ ಹೋದವರಂತೆ ಕಾರು ಹತ್ತಿದರು.

ಎರಡು ವರ್ಷ ತುಂಬಿ ಸಾಲ ತೀರುವುದಕ್ಕೆ ಮೂರು ತಿಂಗಳಿರುವಾಗ ತಾಂಬರಂ ಅಡ್ಡ ಬಂತು.

ತಾಂಬರಂನ ಬದರಿನಾಥ ರಾಯರ ಮಗ ರಮೇಶ ರೈಲ್ವೆಯಲ್ಲಿ ಗುಮಾಸ್ತ. ಸಂಬಂಧ ತಾನಾಗಿ ಬಂತು, ಸರಸಮ್ಮನಿಗೆ ರೈಲ್ವೆ ಪಾಸಿನಲ್ಲಿ ಕಾಶಿ ಕಂಡಿತು. ವರದಕ್ಷಿಣೆ ಎರಡು ಸಾವಿರ, ಒಂದು ಉಂಗುರ ಎಂದು ಮಧ್ಯಸ್ಥರ ಮೂಲಕ ಮಾತಾಗಿ, ಒಂದನೇ ತಾರೀಕು ಭಾನುವಾರ ಬೆಳಿಗ್ಗೆ ಹುಡುಗಿ ನೋಡುವುದೆಂದು ನಿಶ್ಚಯವಾಯಿತು. ಸುಗುಣಾ ಗುರುವಾರ ಅಡುಗೆಮನೆಯ ಬಾಗಿಲಲ್ಲಿ ನನ್ನನ್ನು ಹಿಡಿದಳು.

"ಕಿಟ್ಟಣ್ಣ, ಇನ್ನೆಷ್ಟು ಬಾಕಿ?"

"ಎಪ್ಪತ್ತೈದು."

"ಭಾನುವಾರ ಹತ್ತು ಗಂಟೆಗೆ ಅವರು ಮೇಲೆ ಬರ್ತಾರೆ. ಅಷ್ಟರೊಳಗೆ ನೀವು ಪೂರ್ತಿ ಕೂಗಿದ್ದು ಕೇಳಿಸಿದ್ರೆ ನಾನು ತಲೆನೋವು ಅಂತ ಮಲಗ್ತೀನಿ. ಕೇಳಿಸಿಲ್ಲಾಂದ್ರೆ ಕಾಫಿ ತಟ್ಟೆ ಹಿಡ್ಕೊಂಡು ಬಂದು ಅವರ ಮುಂದೆ ಕೂರ್ತೀನಿ. ಹೋಗಿ ಹೇಳಿ."

"ಇಷ್ಟು ಖಡಕ್ಕಾಗಿ ಹೇಳೋದಾ?"

"ಇನ್ನೂ ಖಡಕ್ಕಾಗಿ ಹೇಳಿ. ನಿಮಗೆ ಬರುತ್ತಲ್ಲ."

ಹೇಳಿದೆ. ಹರಿಹರನಿಗೆ ಆಗ ತಾನೇ ಕಂತು ಕಟ್ಟಿ ಮುಗಿಸಿದ ಒಂದು ಸೈಕಲ್ಲಿತ್ತು. ಅದಕ್ಕೆ ದಿನಾ ಎಣ್ಣೆ ಹಾಕುತ್ತಿದ್ದ, ತನ್ನ ತಲೆಗೂ ಅಷ್ಟು ಹಾಕುತ್ತಿರಲಿಲ್ಲ. ಶನಿವಾರ ಅದನ್ನು ಮಾರಿದ. ಭಾನುವಾರ ಬೆಳಿಗ್ಗೆ ಸೈದಾಪೇಟೆಯಿಂದ ನಡೆದೇ ಬಂದ. ಜೇಬಿನಲ್ಲಿ ನೂರು ರೂಪಾಯಿಯ ಒಂದೇ ನೋಟು. ಆ ಕಾಲದ ನೂರು ರೂಪಾಯಿ ನೋಟೆಂದರೆ ಮಡಿಸಿದರೆ ಕರವಸ್ತ್ರ, ಬಿಡಿಸಿದರೆ ಹಾಸಿಗೆ.

ಅವನು ಬಂದಾಗ ತಾಂಬರಂನವರು ಆಗಲೇ ಕೆಳಗೆ ಗಲ್ಲಾದ ಪಕ್ಕದ ಮೇಜಿನಲ್ಲಿ ಕೂತಿದ್ದರು. ನೆಂಟರು ಮೊದಲು ತಿಂಡಿ ತಿನ್ನಬೇಕು, ಆಮೇಲೆ ಮಹಡಿ ಹತ್ತಬೇಕು ಎಂದು ರಾಯರ ಹಟ. ಬದರಿನಾಥ ರಾಯರು ಜರಿಯ ಶಾಲು ಹೊದ್ದು, ಇಡ್ಲಿಯನ್ನು ಒತ್ತಿ ಒತ್ತಿ ಪರೀಕ್ಷಿಸುತ್ತಿದ್ದರು. ಮಗ ಎರಡನೇ ಉಪ್ಪಿಟ್ಟಿನಲ್ಲಿದ್ದ; ಪಾಪ, ಅವನಿಗೆ ಬಂದದ್ದು ಉಪ್ಪಿಟ್ಟಿಗೋ ಹುಡುಗಿಗೋ ಎಂದು ಯಾರೂ ಹೇಳಿರಲಿಲ್ಲ. ರಾಯರು ಹೊಸ ಪಂಚೆ ಉಟ್ಟು ಗಲ್ಲಾದಲ್ಲೇ ಕೂತಿದ್ದರು. ಮಗಳ ಮದುವೆಯ ದಿನವೂ ಅವರು ಗಲ್ಲಾ ಬಿಟ್ಟು ಏಳುವವರಲ್ಲ.

ಹರಿಹರ ಮೂಲೆಯ ಮೇಜಿನಲ್ಲಿ ಕಾಫಿ ಕುಡಿದ. ಗಡಿಯಾರ ನೋಡಿದ. ಎದ್ದ. ಕೈಯಲ್ಲಿ ನೋಟು.

"ಬಿಳಿ ಅಂಗಿ ಸಾರ್, ಒಂದು ಕಾಫಿ," ಎಂದು ನಾನು ಶುರು ಮಾಡಿದೆ. ಇಡೀ ಹೋಟೆಲು ಕಿವಿಯಾಯಿತು. "ನೂರು ರೂಪಾಯಿ!"

ಎಪ್ಪತ್ತೈದು ಕೂಗಬೇಕಾದಲ್ಲಿ ನೋಟು ನೋಡಿ ನನ್ನ ನಾಲಿಗೆ ಜಾರಿತೆಂದು ಇವತ್ತಿಗೂ ಹೇಳುವವರಿದ್ದಾರೆ. ನನ್ನ ನಾಲಿಗೆ! ಇಪ್ಪತ್ತು ಮೇಜಿನ ಇಪ್ಪತ್ತು ಲೆಕ್ಕವನ್ನು ಒಂದೇ ಉಸಿರಿನಲ್ಲಿ ಒಪ್ಪಿಸುವ ನಾಲಿಗೆ! ಹೇಳಿಕೊಳ್ಳಲಿ ಬಿಡಿ.

ಹರಿಹರ ತಿರುಗಿ ನನ್ನನ್ನು ನೋಡಿದ. ನಾನು ಫ್ಯಾನು ನೋಡಿದೆ. ಮೇಲೆ ಬಳೆಗಳ ಸದ್ದು ಥಟ್ಟನೆ ನಿಂತಿತು. ಅವನು ಒಂದು ಸಲ ಮೆಟ್ಟಿಲ ಕಡೆ ಕಣ್ಣು ಹಾಯಿಸಿ, ನೋಟನ್ನು ಗಲ್ಲಾದ ಮೇಲಿಟ್ಟ. ರಾಯರು ಅದನ್ನು ಒಳಗೆ ಹಾಕಿದರು. ಹಾಕಿದ ಕೈ ಅಲ್ಲೇ ನಿಂತಿತು.

"ಕಿಟ್ಟ! ಕಾಫಿ ಕಳೆದು ಇಪ್ಪತ್ತನಾಲ್ಕು ರೂಪಾಯಿ ಎಂಬತ್ತೆಂಟು ಪೈಸೆ ಹೆಚ್ಚು ಕೂಗಿದೆಯಲ್ಲ!"

ನೋಡಿ, ನನಗೆ ಬೇಕಾದದ್ದು ಅವರ ಬಾಯಿಂದಲೇ ಬಿತ್ತು.

"ಹೆಚ್ಚಾ? ಯಾವುದಕ್ಕೆ ಹೆಚ್ಚು, ರಾಯರೇ?" ಎಂದೆ, ಹಾಲಿನಲ್ಲಿ ತೊಳೆದ ದನಿಯಲ್ಲಿ. "ನೀವು ಸಾಲವೇ ಇಲ್ಲ ಅಂದದ್ದಲ್ಲವಾ? ಇಲ್ಲದ ಸಾಲದ ಲೆಕ್ಕ ಪೈಸೆ ಸಮೇತ ಎಲ್ಲಿಂದ ಬಂತು?"

ರಾಯರ ಮುಖ ಕೆಂಪಾಯಿತು, ಕಿವಿಯೂ ಕೆಂಪಾಯಿತು. ಗಿರಾಕಿಗಳಲ್ಲಿ ಯಾರೋ ಕಿಸಕ್ಕೆಂದರು. ಇಷ್ಟು ತಿಂಗಳು ಬೇಡ ಬೇಡ ಎನ್ನುತ್ತ ಒಳಗೊಳಗೆ ಎಣಿಸುತ್ತಿದ್ದರು ಮಹಾನುಭಾವರು.

"ಎಣಿಸದೆ ಮತ್ತೆ?" ಎಂದು ಅವರು ಸಿಡಿದರು. ದನಿ ಮಾತ್ರ ಸಿಡಿಮಿಡಿಯದ್ದಾಗಿರಲಿಲ್ಲ. "ಪೂರ್ತಿ ತೀರಿತು ಅಂದರೆ ಇವನು ಮತ್ತೆ ಈ ಕಡೆ ಮುಖ ಹಾಕ್ತಾನಾ? ತಿಂಗಳಿಗೊಂದು ಕಾಫಿಗಾದರೂ ಬರ್ತಿದ್ದ." ಆಮೇಲೆ ತಾನೇನು ಹೇಳಿಬಿಟ್ಟೆನೆಂದು ಗಾಬರಿಯಾಗಿ, ಗಲ್ಲಾ ತೆರೆದು ಹರಿಹರನಿಗೆ ಚಿಲ್ಲರೆ ಎಣಿಸತೊಡಗಿದರು.

"ರಾಯರೇ, ಕೃಷ್ಣ!" ಎಂದೆ ನಾನು.

ಅವರ ಕೈ ನಿಂತಿತು. ಕಿಟಕಿಯ ಪಕ್ಕ ದಿನಾ ಪೊಂಗಲ್ ತಿನ್ನುವ ಮುದುಕರೊಬ್ಬರು ಕೈಯೆತ್ತಿ, "ರೂಲ್‌ನಾ ರೂಲ್ ದಾನ್, ರಾವ್! ಎನಕ್ಕು ಒರು ಅಣಾ ವಿಟ್ಟೀಂಗಳಾ?" ಎಂದು ಹತ್ತು ವರ್ಷ ಹಳೆಯ ಸಿಟ್ಟು ತೀರಿಸಿಕೊಂಡರು. ಕಾನೂನೆಂದರೆ ಕಾನೂನು, ಅವರಿಗೆ ಬಿಡದ ಒಂದಾಣೆಯನ್ನು ಇನ್ನು ಯಾರಿಗೆ ಬಿಡುವುದು? ಇಡೀ ಹೋಟೆಲು ಹೌದು ಹೌದು ಎಂದಿತು.

ಇದರ ಮಧ್ಯೆ ಬದರಿನಾಥ ರಾಯರ ಇಡ್ಲಿ ಕೈಯಲ್ಲೇ ಉಳಿದಿತ್ತು. ಅವರ ಕಣ್ಣು ಗಲ್ಲಾದ ಮೇಲೆ. ಎದ್ದು ಹತ್ತಿರ ಬಂದು, ಸಣ್ಣ ದನಿಯಲ್ಲಿ, ಆದರೆ ನನಗೆ ಕೇಳಿಸುವಷ್ಟು ದೊಡ್ಡದಾಗಿ ಹೇಳಿದರು: "ಅಲ್ಲ ರಾಯರೇ, ಒಂದು ಕಾಫಿಗೆ ನೂರು ರೂಪಾಯಿ ತಕ್ಕೊಳ್ಳುವವರು ನೀವು. ನನ್ನ ಮಗನಿಗೆ ಎರಡು ಸಾವಿರ ಅಂತ ಹೇಳಿ ಕಳಿಸಿದ್ದು ನ್ಯಾಯವಾ? ಒಂದು ಐದು ಮಾಡಿ. ಮತ್ತೊಂದು ರೇಡಿಯೋ. ದೊಡ್ಡದು."

ರಾಯರು ಬದರಿನಾಥರನ್ನು ನೋಡಿದರು. ಎದುರಿಗಿದ್ದ ಹರಿಹರನ, ನಡೆದು ನಡೆದು ಧೂಳಾದ ಚಪ್ಪಲಿಗಳನ್ನು ನೋಡಿದರು.

"ಹರಿ, ನಿನ್ನ ಸೈಕಲ್ಲು ಎಲ್ಲಿ?"

ಹರಿಹರ ಗಲ್ಲಾದೊಳಗಿನ ನೋಟಿನ ಕಡೆ ಗದ್ದ ಎತ್ತಿ ತೋರಿಸಿದ, ಅಷ್ಟೆ.

ರಾಯರು ಗಲ್ಲಾ ಮುಚ್ಚಿದರು. ಆಮೇಲೆ, ನಾನು ಜೀವಮಾನದಲ್ಲಿ ಕೇಳದ ಒಂದು ಮಾತು ಹೇಳಿದರು.

"ಕಿಟ್ಟ, ಈ ಮೇಜಿನವರದ್ದು ಎಷ್ಟಾಯಿತು? ಕೂಗು."

ನಿಮಗೆ ಗೊತ್ತಿಲ್ಲದಿದ್ದರೆ ಹೇಳುತ್ತೇನೆ: ಹೆಣ್ಣು ನೋಡಲು ಬಂದವರ ತಿಂಡಿಗೆ ನಮ್ಮವರು ಯಾರೂ ಲೆಕ್ಕ ಕೂಗಿಸುವುದಿಲ್ಲ. ಕೂಗಿಸಿದರೆಂದರೆ ಅವರು ಗಿರಾಕಿಗಳಾದರು, ನೆಂಟಸ್ತನ ಅಲ್ಲಿಗೆ ಮುಗಿಯಿತು. ಬಾಗಿಲು ತೋರಿಸುವುದಕ್ಕಿಂತ ಇದು ಎಷ್ಟೋ ಪಾಲು ಮರ್ಯಾದೆಯದು, ಎಷ್ಟೋ ಪಾಲು ಖಚಿತವಾದದ್ದು.

ಕೂಗಿದೆ. ದೇವರಾಣೆ, ಹಾಗೆ ಎಂದೂ ಕೂಗಿರಲಿಲ್ಲ. "ಜರಿ ಶಾಲು ಸಾರ್! ನಾಲ್ಕು ಇಡ್ಲಿ, ಎರಡು ಉಪ್ಪಿಟ್ಟು, ಎರಡು ಕಾಫಿ, ತೊಂಬತ್ತಾರು ಪೈಸೆ!" ಮಾಂಬಲಂ ಸ್ಟೇಷನ್ನಿನಲ್ಲಿ ತಾಂಬರಂ ರೈಲು ಈ ಕೂಗಿಗೆ ಬೆಚ್ಚಿ ಅವರಿಗಾಗಿ ಕಾದು ನಿಂತಿತು. ಬದರಿನಾಥರು ಒಂದು ರೂಪಾಯಿ ಎಸೆದು, ನಾಲ್ಕು ಪೈಸೆ ಚಿಲ್ಲರೆಯನ್ನು ನಿಂತು ತೆಗೆದುಕೊಂಡು, ಶಾಲು ಝಾಡಿಸಿ ಹೊರಟರು. ಮಗ ಉಪ್ಪಿಟ್ಟಿನ ಕೊನೆಯ ತುತ್ತು ಬಾಯಿಗಿಟ್ಟುಕೊಂಡು, ನನಗೆ "ಚೆನ್ನಾಗಿತ್ತು" ಎಂದು ಹೇಳಿಯೇ ಹೋದ. ಒಳ್ಳೆಯ ಹುಡುಗ. ಆಮೇಲೂ ವರ್ಷಗಟ್ಟಲೆ ಉಪ್ಪಿಟ್ಟಿಗೆ ಬರುತ್ತಿದ್ದ.

ರಾಯರು ಹರಿಹರನ ಕಡೆ ತಿರುಗಿದರು. "ಈಗ ನೋಡು. ನಿನಗೆ ನಾನು ಕೊಡಬೇಕಾದ್ದು ಉಂಟು. ಗಲ್ಲಾದಿಂದ ತೆಗೆದು ಕೊಡ್ಲಿಕ್ಕೆ ಈ ಕಿಟ್ಟ ಬಿಡುವುದಿಲ್ಲ. ಯಾರ ಸಾಲವನ್ನೂ ಇಟ್ಟುಕೊಂಡು ನನಗೆ ರೂಢಿಯಿಲ್ಲ, ಅನ್ನ ಸೇರುವುದಿಲ್ಲ. ಬೇರೆ ಎಂತ ಬೇಕು ಕೇಳು, ಕೊಡ್ತೇನೆ."

ಇಂಥ ಗಳಿಗೆ ಯಾರಿಗೆ ಸಿಗುತ್ತದೆ? ಹುಡುಗಿಯ ಅಪ್ಪ, ಸಾಲಗಾರನಾಗಿ, ಏನು ಬೇಕು ಕೇಳು ಎನ್ನುತ್ತಿದ್ದಾನೆ. ನಾನು ಕಣ್ಣಿನಲ್ಲಿ, ಹುಬ್ಬಿನಲ್ಲಿ, ಕೈಯಲ್ಲಿದ್ದ ಚಟ್ನಿ ಬಕೆಟ್ಟಿನಲ್ಲಿ ಸನ್ನೆ ಮಾಡಿದೆ. ಹರಿಹರ ಬಾಯಿ ತೆರೆದ, ಮುಚ್ಚಿದ, ಮತ್ತೆ ತೆರೆದ.

"ಇನ್ನೂರ ಏಳು ಕಾಫಿ ಆಗ್ತದೆ ರಾಯರೇ," ಎಂದ. "ನಾಲ್ಕು ಪೈಸೆ ಉಳೀತದೆ."

ಬಿ.ಕಾಂ.! ಅದಕ್ಕಾಗಿ ಆರುನೂರು ರೂಪಾಯಿ!

ನಾನು ಬಕೆಟ್ಟನ್ನು ನೆಲಕ್ಕೆ ಕುಕ್ಕಿದೆ. ಅಷ್ಟರಲ್ಲಿ ಮೆಟ್ಟಿಲಿನಿಂದ ಸುಗುಣಾ ಇಳಿದು ಬಂದಳು. ತಲೆನೋವಿನವಳು ಹಸಿರು ಸೀರೆ ಉಟ್ಟು, ಮಲ್ಲಿಗೆ ಮುಡಿದಿದ್ದಳು. ಅಪ್ಪನ ಪಕ್ಕ ಗಲ್ಲಾದ ಅಂಚು ಹಿಡಿದು ನಿಂತು, ಹರಿಹರನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು.

"ಕೊಡಿ ಅಪ್ಪಾ," ಎಂದಳು. "ಇನ್ನೂರ ಏಳು ಕಾಫಿ ಕೊಡಿ. ಆದರೆ ಕೆಳಗೆ ಬೇಡ, ಕೆಳಗೆ ಕುಡಿದ್ರೆ ಈ ಕಿಟ್ಟಣ್ಣ ಮತ್ತೆ ಏನಾದ್ರೂ ಕೂಗ್ತಾರೆ. ದಿನಾ ಮೇಲೆ ಬಂದು ಕುಡೀಲಿ. ನಾನೇ ಮಾಡಿ ಕೊಡ್ತೀನಿ."

ರಾಯರು ಮಗಳನ್ನು ನೋಡಿದರು, ಅವನನ್ನು ನೋಡಿದರು, ಕೊನೆಗೆ ನನ್ನನ್ನು ನೋಡಿದರು. ತರಕಾರಿ ಮಾರುವವಳಿಗೂ ಗೊತ್ತಿದ್ದ ವಿಷಯ ಅವರಿಗೆ ಆಗ ತಾನೇ ಗೊತ್ತಾದಂತೆ ಮುಖ ಮಾಡಲು ಬಹಳ ಪ್ರಯತ್ನಪಟ್ಟರು. ಆಗಲಿಲ್ಲ. ಮೀಸೆ ನಕ್ಕುಬಿಟ್ಟಿತು.

"ಮೇಲೆ ಕುಡಿದದ್ದಕ್ಕೆ ಲೆಕ್ಕ ಇಡುವವರು ಯಾರು?" ಎಂದರು.

"ಯಾರೂ ಇಡೋದಿಲ್ಲ," ಎಂದಳು ಸುಗುಣಾ.

ಕಾಫಿ ಇನ್ನೂರ ಏಳಕ್ಕೆ ನಿಲ್ಲಲಿಲ್ಲ ಎಂದು ಬೇರೆ ಹೇಳಬೇಕೇ? ಆ ವೈಶಾಖದಲ್ಲಿ ಮದುವೆಯಾಯಿತು. ವರದಕ್ಷಿಣೆಯ ಮಾತೆತ್ತಿದವರಿಗೆ ಹರಿಹರ "ನನಗೇ ಮಾವನಿಂದ ಬರಬೇಕಾದ ಬಾಕಿ ಇದೆ, ಅದನ್ನೇ ಕೇಳಿಲ್ಲ" ಎನ್ನುತ್ತಿದ್ದ. ಮದುವೆಯಾದ ಮೇಲೆ ಅವನಿಗೆ ಸ್ವಲ್ಪ ಬಾಯಿ ಬಂದಿತ್ತು. ನನ್ನ ಜೊತೆಯ ಪ್ರಭಾವ.

ಆದರೆ ರಾಯರಿಗೆ ಮಾತ್ರ ಅನ್ನ ಸೇರಲಿಲ್ಲ. ಕಾಫಿ ಪ್ರೀತಿಯ ಲೆಕ್ಕಕ್ಕೆ ಹೋಯಿತೇ ವಿನಾ ಸಾಲದ ಲೆಕ್ಕಕ್ಕೆ ಸೇರಲಿಲ್ಲವೆಂದು ಅವರ ವಾದ. ದೀಪಾವಳಿಗೆ ಅಳಿಯನ ಮುಂದೆ ಒಂದು ಲಕೋಟೆ ಹಿಡಿದರು, ಮೇಲೆ ವೀಳ್ಯದೆಲೆ.

"ಎಂತದಿದು?" ಎಂದ ಹರಿಹರ, ಸತ್ತ ಜಿರಳೆ ನೋಡುವ ಹಾಗೆ. "ಯಾವ ಸಾಲ ಮಾವ? ಎಲೆ ಮಾತ್ರ ಇಡಿ."

ಮನಿಯಾರ್ಡರ್ ಮಾಡಿದರು. ಹಳೆಯ ಪೋಸ್ಟ್‌ಮ್ಯಾನನೇ ಅದನ್ನು ಹೊತ್ತುಕೊಂಡು ಸಂತೋಷದಿಂದ ಸೈದಾಪೇಟೆಗೆ ಹೋಗಿ, ಸುಗುಣಾಳ ಕೈಯ ಕಾಫಿ ಕುಡಿದು, ಹಣದ ಸಮೇತ ವಾಪಸು ಬಂದ. ಕ್ಯಾರಿಯರಿನಲ್ಲಿಟ್ಟು ಕಳಿಸಿದರು. ನೋಟು ಹಿಂದಿರುಗಿತು. ಈ ಬಾರಿ ಅದಕ್ಕೆ ಗೊಜ್ಜು ತಗುಲಿತ್ತು.

ಕೊನೆಗೊಂದು ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ರಾಯರು ನನ್ನನ್ನು ಗಲ್ಲಾದ ಹತ್ತಿರ ಕರೆದು, ಸುತ್ತ ನೋಡಿ, ದನಿ ತಗ್ಗಿಸಿದರು.

"ಕಿಟ್ಟ, ಇದಕ್ಕೆ ಎಂತಾದರೂ ದಾರಿ ಉಂಟಾ ಮಾರಾಯ?"

"ಉಂಟು ರಾಯರೇ," ಎಂದೆ. "ಅಳಿಯನ ಮನೆಯಲ್ಲಿ ಒಂದು ಗಲ್ಲಾ ಇಡಿಸಿ, ನೀವು ಹೋಗಿ ಒಂದು ಕಾಫಿ ಕುಡೀರಿ. ಕೂಗ್ಲಿಕ್ಕೆ ನಾನು ಬರ್ತೇನೆ."